ಕೈರುಚಿ

ಮದುವೆಯಾಗಿ ಬಂದಾಗಿನಿಂದ ಸಾವಂತ್ರೆವ್ವನ ಅಡುಗೆಗೆ ಗಂಡ ಹೆಸರಿಡದ ದಿನವಿರಲಿಲ್ಲ. ಉಪ್ಪು ಚೂರು ಹೆಚ್ಚಾದರೂ ತಟ್ಟೆ ಅಂಗಳಕ್ಕೆ ಹಾರುತ್ತಿತ್ತು. ಅನ್ನನಾಳದ ಕ್ಯಾನ್ಸರ್ ಎಂದು ಆಸ್ಪತ್ರೆ ಸೇರಿ, ಅರ್ಧ ಮೈಯಾಗಿ ಮನೆಗೆ ಬಂದ ಮೇಲೆ ಆ ಸಿಟ್ಟೆಲ್ಲ ಎಲ್ಲಿ ಹೋಯಿತೋ.

ಇವತ್ತು ತೆಳ್ಳಗೆ ಸೋಸಿದ ಬೇಳೆಕಟ್ಟು ಕೊಟ್ಟು ಮುಗಿಸಿ, ಹಳೆಯ ಅಂಜಿಕೆಯಲ್ಲೇ ಕೇಳಿದಳು.

"ಹೆಂಗಾಗೇತ್ರಿ?"

"ಭಾಳ ಚಲೋ ಆಗೇತಿ." ಅವನ ದನಿ ಗೊಗ್ಗರಾಗಿತ್ತು.

"ಉಪ್ಪು?"

"ಬರೋಬ್ಬರಿ ಐತಿ. ನಿನ್ನ ಕೈರುಚಿ ಯಾರಿಗೂ ಬರಂಗಿಲ್ಲ ನೋಡು."

ಈ ಒಂದು ಮಾತಿಗಾಗಿ ಅವಳು ಹಿಂದೆ ಹರಕೆ ಹೊತ್ತಿದ್ದುಂಟು. ಈಗ ಸಂತೋಷವೂ ಆಗಲಿಲ್ಲ, ಅಳುವೂ ಬರಲಿಲ್ಲ.

"ಹೂಂ" ಎಂದಳು.

ಬಾಯಿ ಮುಟ್ಟದೆ ನೇರ ಹೊಟ್ಟೆಗೇ ಇಳಿಯುವ ಅವನ ಕೊಳವೆಗೆ ಬಿರಡೆ ಹಾಕಿ, ಬೇಳೆಕಟ್ಟಿನ ಸಿರಿಂಜು ತೊಳೆಯಲು ಎದ್ದಳು.