ಯಾರ ಕೇಬಲ್?

ಬ್ರಾಡ್‌ಬ್ಯಾಂಡ್ ಕೇಬಲ್ ಎಳೆಯುತ್ತಿದ್ದ ಅಣ್ಣ ಕಂಬದಿಂದ ಬಿದ್ದು ಸತ್ತಾಗ ಮಾಲೀಕ ಪೊಲೀಸರಿಗೆ, "ಇವನು ನಮ್ಮವನಲ್ಲ, ಎದುರು ಕಂಪನಿಯವನು" ಎಂದು ಹೇಳಿ ಕೈತೊಳೆದುಕೊಂಡ. ಸತ್ತವನ ತಮ್ಮ ಅದೇ ಮಾಲೀಕನ ಬಳಿ ಕಂಬ ಹತ್ತುತ್ತಲೇ ಇದ್ದ.

ಎರಡು ಕಂಪನಿಗಳಲ್ಲಿ ಒಂದನ್ನು ವಿಲೀನ ಮಾಡಿಕೊಳ್ಳಲು ದೊಡ್ಡ ಮೊಬೈಲ್ ಕಂಪನಿಯೊಂದು ಮುಂದೆ ಬಂತು. ಅವರು ಎರಡೂ ಕಡೆ ನೆಟ್ ಪರೀಕ್ಷಿಸುವ ದಿನ ಮಾಲೀಕ ತಮ್ಮನನ್ನು ಕರೆದ.

"ಅವ್ರು ಬರೋದ್ರೊಳಗೆ ಎದುರು ಕಂಪನಿ ಕೇಬಲ್ ಕತ್ತರಿಸಿಬಿಡು."

"ಆಯ್ತು ಸಾರ್."

ಮೊಬೈಲ್ ಕಂಪನಿಯವರು ಬಂದು ಕೂತರು. ಮಾಲೀಕನ ಕಚೇರಿಯಲ್ಲೇ ನೆಟ್ ಸತ್ತಿತ್ತು. ಅವನು ಹೊರಗೋಡಿ ಫೋನ್ ಮಾಡಿದ.

"ಯಾರ ಕೇಬಲ್ ಕತ್ತರಿಸಿದ್ಯೋ?"

"ಎದುರು ಕಂಪನೀದೇ ಸಾರ್. ನಮ್ಮಣ್ಣ ಸಾಯೋ ದಿನ ಎಳೀತಿದ್ನಲ್ಲ, ಅದು."