ಉದ್ದಣ್ಣನ ಮಂಡಿ

ಕೂತ ಕೂಡಲೇ ಉದ್ದಣ್ಣನ ಮಂಡಿಗಳೆರಡೂ ಮುಂದಿನ ಸೀಟಿಗೆ ಒತ್ತಿಕೊಂಡವು. ರಿಪೇರಿ ಶೆಡ್ಡಿನಲ್ಲಿ ನಿಂತಿದ್ದ ಆ ಖಾಲಿ ವಿಮಾನದೊಳಗೆ, ಸೀಟುಗಳ ನಡುವಿನ ದಾರಿಯಲ್ಲಿ ಎಂಜಿನಿಯರ್ ಫಾರಂ ಹಿಡಿದು ಕಾಯುತ್ತಿದ್ದ.

"ಸರಿಯಾಯ್ತಾ ಉದ್ದಣ್ಣ? ಇನ್ಮೇಲೆ ನಮ್ಮ ದೊಡ್ಡ ಕಂಪನಿಗೂ, ಅಗ್ಗದ ಟಿಕೆಟ್ಟಿನ ಮರಿ ಕಂಪನಿಗೂ ಸೀಟಿನ ಜೋಡಣೆ ಒಂದೇ. ನೀವು ಹೂಂ ಅಂದ್ರೆ ನಲವತ್ತು ವಿಮಾನದ ಕೆಲಸ ಶುರು."

ಉದ್ದಣ್ಣ ಸೀಟು ಬಿಗಿಯುವ ಮೆಕ್ಯಾನಿಕ್. ಇಡೀ ಶೆಡ್ಡಿಗೇ ಎತ್ತರದ ಆಳು ಅಂತ, ಹೊಸ ಜೋಡಣೆ ಬಂದಾಗಲೆಲ್ಲ ಮೊದಲು ಅವನನ್ನೇ ಕೂರಿಸಿ ನೋಡುತ್ತಿದ್ದರು. ಹದಿನೈದು ವರ್ಷದಲ್ಲಿ ಸೀಟುಗಳು ನಾಲ್ಕು ಸಲ ಹತ್ತಿರವಾಗಿದ್ದವು. ಒಮ್ಮೆ ಬೆನ್ನು ನೆಟ್ಟಗೆ ಮಾಡಿ, ಒಮ್ಮೆ ಕಾಲು ಓರೆ ಮಾಡಿ, ಪ್ರತಿ ಸಲವೂ ಅವನು ಸರಿ ಅಂದಿದ್ದ. ಅಂದು ಅಂದು ಸಾಕಾಗಿಹೋಗಿತ್ತು.

"ಇಲ್ಲ ಸಾರ್, ಆಗಲ್ಲ."

"ಸ್ವಲ್ಪ ಓರೆಯಾಗಿ ಕೂತ್ಕೊಳ್ಳಿ."

"ಓರೆಯಾಗೇ ಕೂತಿದ್ದೀನಿ. ಐದೈದು ಗಂಟೆ ಹೀಗೇ ಕೂರೋ ಜನ ಏನ್ಮಾಡ್ಬೇಕು? ಆಗಲ್ಲ ಅಂತಾನೇ ಬರ್ಕೊಳ್ಳಿ."

ಎಂಜಿನಿಯರ್‌ಗೆ ಕೋಪವೇನೂ ಬರಲಿಲ್ಲ. ಬೆಳಗಿನಿಂದ ನಿಂತು ನಿಂತು ಅವನಿಗೂ ಸುಸ್ತಾಗಿತ್ತು. ಏನೂ ಬರೆಯದೆ ಫಾರಂ ಮಡಚಿ ಜೇಬಿಗಿಟ್ಟುಕೊಂಡ.

"ಹೋಗ್ಲಿ ಬಿಡಿ, ನಿಮಗೂ ವಯಸ್ಸಾಯ್ತು. ನಾಳೆ ಸ್ಟೋರಿನ ಕುಳ್ಳಪ್ಪನನ್ನ ಕರೆಸ್ತೀನಿ."

ಉದ್ದಣ್ಣ ಏಳಲು ನೋಡಿದ. ಆಗಲಿಲ್ಲ. ಇನ್ನೊಮ್ಮೆ ನೋಡಿದ. ಕೊನೆಗೆ ಎಂಜಿನಿಯರೇ ಬಗ್ಗಿ, ಎರಡೂ ಕೈ ಹಿಡಿದು, ಅವನನ್ನು ಸೀಟಿನಿಂದ ಎಳೆದು ತೆಗೆಯಬೇಕಾಯಿತು.