ಕ್ಲಚ್ ಮೇಲಿನ ಕಾಲು

"ಒತ್ರಿ ಅಕ್ಕಾ... ಹಂಗೇ ಹಿಡೀರಿ... ಈಗ ಬಿಡ್ರಿ." ಕಾರಿನ ಕೆಳಗೆ ಮಲಗಿದ್ದ ಮೆಕ್ಯಾನಿಕ್ ರಾಮಾಂಜನೇಯ ಹೇಳಿದಂತೆಲ್ಲ ಗಂಗೋತ್ರಿ ಕ್ಲಚ್ ಒತ್ತಿ ಬಿಡುತ್ತಿದ್ದಳು. ಕಪ್ಪಗಾಗಿದ್ದ ಕ್ಲಚ್ಚಿನ ಹಳೇ ಆಯಿಲ್ ಪೈಪಿನಿಂದ ಬಾಟಲಿಗೆ ಇಳಿಯುತ್ತಿತ್ತು. ಆಲೂರಿನ ಆ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಅವಳ ಗಂಡ ಚೇತನನಿಗೆ ಇದನ್ನು ನೋಡಿ ಸಹಿಸಲಾಗಲಿಲ್ಲ. ತಾನು ಹತ್ತು ಸಲ ಕೂಗಿದರೂ ಓಗೊಡದವಳು, ಇವನ ಒಂದೊಂದು ಮಾತಿಗೂ ಎಷ್ಟು ಚೆಂದ ಕಾಲಾಡಿಸುತ್ತಿದ್ದಾಳೆ!

"ಇಳಿ, ನಾನು ಒತ್ತತೀನಿ," ಎಂದು ಅವಳನ್ನು ಇಳಿಸಿ ತಾನೇ ಕುಳಿತ. ಸಿಟ್ಟಿನಲ್ಲಿ ಜೋರಾಗಿ ಒತ್ತಿದವನು, ಕೆಳಗಿನಿಂದ ಮಾತು ಬರುವ ಮೊದಲೇ ಕಾಲೆತ್ತಿಬಿಟ್ಟ.

"ನಾ ನಟ್ ಬಿಗಿಯೋ ಮೊದಲ ಕಾಲೆತ್ತಿದ್ರಿ, ಪೈಪಿನಾಗ ಗಾಳಿ ಹೊಕ್ಕಿತಲ್ಲಣ್ಣಾ! ಮತ್ತ ಮೊದಲಿಂದ ಮಾಡಬೇಕು. ಅಕ್ಕನ್ನ ಕೂಡಸ್ರಿ, ಅಕ್ಕಂದು ಕಾಲು ಕರೆಕ್ಟ್ ಐತಿ."

ಚೇತನನ ಮುಖ ಕೆಂಪೇರಿತು. ಕಿಟಕಿಯ ಬಳಿ ನಿಂತಿದ್ದ ಗಂಗೋತ್ರಿ ನಗಲಿಲ್ಲ. "ಮನ್ಯಾಗ ನೀವು ಒಂದ್ ಸಲಾನಾದ್ರೂ ನನಗ ಹಿಂಗ ಸಮಾಧಾನದಿಂದ ಹೇಳೀರೇನ್ರಿ?" ಎಂದು ಮೆಲ್ಲಗೆ ಕೇಳಿದಳು.

ಚೇತನ ಸೀಟು ಬಿಟ್ಟೆದ್ದ. ಇಳಿದು, ಇಸ್ತ್ರಿ ಮಾಡಿದ ಅಂಗಿಯನ್ನೂ ಲೆಕ್ಕಿಸದೆ ಕಾರಿನ ಕೆಳಗೆ ತೂರಿಕೊಂಡ. "ಆ ಸ್ಪ್ಯಾನರ್ ನನಗ ಕೊಡಪಾ," ಎಂದು ರಾಮಾಂಜನೇಯನಿಂದ ಇಸಿದುಕೊಂಡ. ಸೀಟಿನ ಮೇಲೆ ಅವಳು ಕುಳಿತ ಸದ್ದಾಗುವವರೆಗೂ ಕಾದ.

"ಗಂಗೂ, ನಿಧಾನಕ್ಕ ಒತ್ತು," ಎಂದ. "ಅವಸರ ಏನಿಲ್ಲ."